ಹೊಸ ವೈದ್ಯರ ದುಡಿಮೆಯೂ ಶಿಷ್ಯವೇತನವೂ

ಕಳೆದ ಮಳೆಗಾಲದಲ್ಲಿ ನೆಂಟರ ಮನೆಯ ಮದುವೆಗೆಂದು ದೂರದ ಊರೊಂದಕ್ಕೆ ಹೋಗಿದ್ದಾಗ, ನಡುರಾತ್ರಿಯಲ್ಲಿ ನಮ್ಮ ಮನೆಯವರಿಗೆ ಎದೆನೋವು ಕಾಣಿಸಿಕೊಂಡಿತು. ಕೂಡಲೆ ಅಲ್ಲಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆನು. ತುರ್ತುಚಿಕಿತ್ಸೆಯ ಕೋಣೆಯಲ್ಲಿದ್ದ ತರುಣ ವೈದ್ಯನು ನನ್ನನ್ನು ಕಂಡೊಡನೆ, "ಮೇಷ್ಟ್ರೇ, ನೀವಾ?" ಎಂದು ಎದ್ದು ಬಂದನು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರೊಬ್ಬರ ಮಗನವನು. ನನ್ನಲ್ಲಿ ಶಬ್ದರೂಪಗಳನ್ನು ಕಲಿತವನು. ರೋಗಿಯನ್ನು ಬಹು ಜಾಗರೂಕತೆಯಿಂದ ಪರೀಕ್ಷಿಸಿದನು. ಆದರೆ ಚೀಟಿಯಲ್ಲಿ ಔಷಧದ ಪ್ರಮಾಣವನ್ನು ತಪ್ಪಿ ಬರೆದನು. ಪಕ್ಕದಲ್ಲಿದ್ದ ಸಿಸ್ಟರು ಮೆಲ್ಲನೆ ತೋರಿಸಿಕೊಡಲು, ಬೆವೆತು ತಿದ್ದಿದನು.

"ನಿದ್ದೆ ಮಾಡಿ ಎಷ್ಟು ಹೊತ್ತಾಯಿತಪ್ಪಾ?" ಎಂದು ಕೇಳಿದೆನು.

"ಮೂವತ್ತು ಗಂಟೆಯ ಮೇಲಾಯಿತು, ಮೇಷ್ಟ್ರೇ."

ದೈವಕೃಪೆಯಿಂದ ನಮ್ಮ ಮನೆಯವರು ಗುಣಮುಖರಾದರು. ಆದರೆ ಆ ಚೀಟಿಯು ಇಂದಿಗೂ ನನ್ನ ಕಣ್ಣಮುಂದಿದೆ.

ಈ ತರುಣರು ಯಾರೆಂಬುದನ್ನು ಗೃಹಸ್ಥರಾದ ನಾವು ಅರಿತಿರುವುದು ಅವಶ್ಯ. ಎಂ.ಬಿ.ಬಿ.ಎಸ್. ವ್ಯಾಸಂಗಕ್ಕೆ ನಾಲ್ಕೂವರೆ ವರ್ಷ. ಆಮೇಲೆ ಒಂದು ವರ್ಷ ಹೌಸ್ ಸರ್ಜನ್ ಆಗಿ ಸೇವೆ. ಎಂ.ಡಿ. ಅಥವಾ ಎಂ.ಎಸ್. ಪದವಿಯನ್ನು ಬಯಸಿದವರು ಮತ್ತೊಂದು ಪರೀಕ್ಷೆಯಲ್ಲಿ ಗೆದ್ದು, ಇನ್ನು ಮೂರು ವರ್ಷ ಆಸ್ಪತ್ರೆಯಲ್ಲಿಯೇ ದುಡಿಯುತ್ತ ಕಲಿಯಬೇಕು. ಇವರನ್ನೇ ಜನರು ಪಿ.ಜಿ. ಡಾಕ್ಟರೆನ್ನುವರು. ಹಿಂದೆ ನಮ್ಮ ಜಿಲ್ಲೆಯ ಮಕ್ಕಳು ಈ ವಿದ್ಯೆಗಾಗಿ ಮೈಸೂರಿಗೋ ದಾವಣಗೆರೆಗೋ ಹೋಗಬೇಕಾಗಿತ್ತು. ಈಗ ಶಿವಮೊಗ್ಗೆಯಲ್ಲಿಯೇ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದ್ದು, ಮೆಗ್ಗಾನ್ ಆಸ್ಪತ್ರೆಯು ಅದರ ಬೋಧನಾಲಯವಾಗಿದೆ.

ಶಾಸ್ತ್ರವನ್ನು ಮಾತ್ರ ಓದಿ ಕರ್ಮವನ್ನರಿಯದವನು ರೋಗಿಯ ಮುಂದೆ, ರಣರಂಗದಲ್ಲಿನ ಹೇಡಿಯಂತೆ, ದಿಕ್ಕುಗೆಡುವನೆಂಬುದು ಸುಶ್ರುತಾಚಾರ್ಯರ ಅಭಿಪ್ರಾಯ. ಆದುದರಿಂದಲೇ ಅವರು ಶಿಷ್ಯರಿಗೆ ಮೊದಲು ಕುಂಬಳ, ಸೋರೆಗಳ ಮೇಲೆ ಶಸ್ತ್ರಾಭ್ಯಾಸವನ್ನು ವಿಧಿಸಿದರು. ಅಮೆರಿಕೆಯ ಬಾಲ್ಟಿಮೋರಿನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹಾಲ್‌ಸ್ಟೆಡ್, ಆಸ್ಲರ್ ಎಂಬ ಆಚಾರ್ಯರು ತರುಣ ವೈದ್ಯರನ್ನು ಆಸ್ಪತ್ರೆಯಲ್ಲಿಯೇ ವಾಸವಿರಿಸಿ ಕಲಿಸಿದರು. 'ರೆಸಿಡೆಂಟ್' ಎಂಬ ಹೆಸರಿಗೆ ಆ ವಾಸವೇ ಮೂಲ. ಅನುಭವವು ರೋಗಿಯ ಬಳಿಯಲ್ಲಿಯೇ ಬರತಕ್ಕದ್ದು, ನಿಜ. ಆದರೆ ನಿದ್ರೆಯಿಲ್ಲದ ಕಣ್ಣಿಗೆ ಅನುಭವವು ದಕ್ಕುವುದೆ?

ನ್ಯೂಯಾರ್ಕಿನಲ್ಲಿ 1984ರಲ್ಲಿ ಆಸ್ಪತ್ರೆ ಸೇರಿದ ತರುಣಿಯೊಬ್ಬಳು ಮೃತಳಾದ ಮೇಲೆ ಈ ಪ್ರಶ್ನೆಯು ನ್ಯಾಯಸ್ಥಾನದವರೆಗೂ ಹೋಗಿ, 1989ರಲ್ಲಿ ಆ ಸಂಸ್ಥಾನವು ವಾರಕ್ಕೆ 80 ಗಂಟೆಗಳ ಮಿತಿಯನ್ನು ಹಾಕಿತು. ನಮ್ಮ ಕೇಂದ್ರಸರಕಾರದ 1992ರ ರೆಸಿಡೆನ್ಸಿ ಯೋಜನೆಯು ಕಿರಿಯ ವೈದ್ಯರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆಗೆ ಮೀರದ ಕೆಲಸವೆಂದು ಹೇಳಿತು. 2023ರ ನಿಯಮಗಳೂ ಯುಕ್ತವಾದ ಕೆಲಸದ ವೇಳೆ, ವಿಶ್ರಾಂತಿ, ವಾರದ ರಜೆಗಳನ್ನು ಹೇಳುತ್ತವೆ. ಆದರೆ ರೋಗಿಗಳು ಹೆಚ್ಚು, ಕೈಗಳು ಕಡಮೆ. ನಿಯಮವು ಕಾಗದದಲ್ಲಿದ್ದರೆ ಸಾಲದು.

ಇನ್ನು ವೇತನದ ಮಾತು. ಕರ್ನಾಟಕ ಸರಕಾರವು 2020ರಲ್ಲಿ ಹೌಸ್ ಸರ್ಜನರ ತಿಂಗಳ ಶಿಷ್ಯವೇತನವನ್ನು 20,000 ರೂಪಾಯಿಗಳಿಂದ 30,000ಕ್ಕೂ, ಪಿ.ಜಿ. ವೈದ್ಯರದನ್ನು ಮೊದಲನೆಯ ವರ್ಷ 45,000, ಎರಡನೆಯ ವರ್ಷ 50,000, ಮೂರನೆಯ ವರ್ಷ 55,000ಕ್ಕೂ ಏರಿಸಿತು. 2024ರ ಆಗಸ್ಟಿನಲ್ಲಿ ಮುಷ್ಕರವಾದ ಬಳಿಕ ಪಿ.ಜಿ. ವೈದ್ಯರಿಗೆ ನೂರಕ್ಕೆ 25ರಷ್ಟು ಹೆಚ್ಚಾಯಿತು. ಕೇಳುವಾಗ ಮೊತ್ತವು ದೊಡ್ಡದು. ಆದರೆ ಕಾಲೇಜಿನ ಫೀಜನ್ನೂ ಅವರೇ ಕಟ್ಟಬೇಕು. ಕೊಡುವುದು ತಡವಾಗುವುದೂ ಉಂಟು: 2020ರಲ್ಲಿ ದಾವಣಗೆರೆಯ ಖಾಸಗಿ ಕಾಲೇಜೊಂದರ ತರುಣ ವೈದ್ಯರು, ತಿಂಗಳುಗಟ್ಟಲೆ ಶಿಷ್ಯವೇತನ ಬಾರದೆ, ಕೊರೋನಾ ಕಾಲದಲ್ಲಿಯೇ ಧರಣಿ ಕುಳಿತರು.

ಊರಿಗೆ ಮರಳಿದ ಮೇಲೆ ಆ ಹುಡುಗನ ಮನೆಗೆ ಹೋದೆನು. ಅವನ ತಾಯಿಯು, "ಡಾಕ್ಟರಾಗಿ ಎರಡು ವರ್ಷವಾಯಿತು, ಮೇಷ್ಟ್ರೇ, ಕಳಿಸೋದು ಹತ್ತೇ ಸಾವಿರ. ಮಗಳ ಮದುವೆ ಹಾಗೇ ನಿಂತಿದೆ, ಕೇರಿಯವರು ಏನೇನೋ ಅಂತಾರೆ," ಎಂದು ಕಣ್ಣೊರೆಸಿಕೊಂಡರು. ನಾನು ಆ ರಾತ್ರಿಯ ಸಂಗತಿಯನ್ನು ಹೇಳಿದೆನು. ತಂದೆಯು ಬಹಳ ಹೊತ್ತು ಸುಮ್ಮನಿದ್ದು, "ಫರ್ನೇಸಿನ ಮುಂದೆ ನಮಗೆ ಎಂಟು ಗಂಟೆಯ ಪಾಳಿ. ಬದಲಿಯವನು ಬಂದ ಮೇಲೆ ಮನೆಗೆ ಬರ್ತಿದ್ದೆವು. ಇವನಿಗೆ ಬದಲಿಯವರು ಇಲ್ಲವೇ?" ಎಂದರು.

ಎಷ್ಟು ಸರಿಯಾದ ಪ್ರಶ್ನೆ! 1948ರ ಕಾರ್ಖಾನೆಗಳ ಕಾಯಿದೆಯು ಕೂಲಿಕಾರರಿಗೆ ಕಟ್ಟುಮಾಡಿದುದೂ ವಾರಕ್ಕೆ 48 ಗಂಟೆಯೇ. ಕಬ್ಬಿಣವನ್ನು ಕಾಯಿಸುವವನಿಗೆ ದೊರೆತ ವಿಶ್ರಾಂತಿಯು ಪ್ರಾಣವನ್ನು ಕಾಯುವವನಿಗೂ ದೊರೆಯಬೇಡವೆ?

ಬದಲಿ ವೈದ್ಯರನ್ನು ಒದಗಿಸುವುದು ಸರಕಾರದ ಕೆಲಸ. ಆದರೆ ನಮ್ಮಿಂದಾಗುವುದೂ ಕೆಲವುಂಟು. ವೈದ್ಯನಾದ ಮಗನು ಮೂವತ್ತರೊಳಗೇ ಮನೆಯ ಸಾಲವನ್ನೆಲ್ಲ ತೀರಿಸಲೆಂದು ಎಣಿಸದಿರೋಣ. ನಡುರಾತ್ರಿಯಲ್ಲಿ ಆಸ್ಪತ್ರೆಗೆ ಹೋದಾಗ ತಡವಾಯಿತೆಂದು ಆ ತರುಣರ ಮೇಲೆ ಕೂಗಾಡದಿರೋಣ. ಬರೆದುಕೊಟ್ಟ ಔಷಧವನ್ನು ಇನ್ನೊಮ್ಮೆ ಓದಿ ಹೇಳಿರೆಂದು ವಿನಯದಿಂದ ಕೇಳೋಣ. ಅದರಿಂದ ಇಬ್ಬರಿಗೂ ಕ್ಷೇಮ.

ನಾನು ಹೊರಡಲು ಎದ್ದಾಗ ಆ ತಾಯಿಯು ಹಣದ ಮಾತನ್ನು ಮತ್ತೆ ಎತ್ತಲಿಲ್ಲ. "ಆವತ್ತು ಅವನು ಊಟ ಮಾಡಿದ್ದನೇ, ಮೇಷ್ಟ್ರೇ?" ಎಂದು ಮಾತ್ರ ಕೇಳಿದರು.