ಕಸದ ಅನುದಾನ: ಪುರಸಭೆಗೆಷ್ಟು, ಉದ್ಯಮಿಗೆಷ್ಟು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಪಟ್ಟಣಗಳ ಪೈಕಿ ಯಾವುದೂ 2011ರ ಜನಗಣತಿಯಲ್ಲಿ ಲಕ್ಷ ಮುಟ್ಟಿರಲಿಲ್ಲ. ಅದೇ ಅನುಕೂಲವಾಯಿತು. 2021ರ ಅಕ್ಟೋಬರ್ 1ರಂದು ಆರಂಭವಾದ ಸ್ವಚ್ಛ ಭಾರತ್ ಮಿಷನ್ (ನಗರ) 2.0ರಲ್ಲಿ ಘನತ್ಯಾಜ್ಯ ಘಟಕಗಳಿಗೆ ಇಂತಹ ಪಟ್ಟಣಗಳಿಗೆ ಕೇಂದ್ರದ ನೆರವು ಶೇ. 50, ಹತ್ತು ಲಕ್ಷ ಮೀರಿದ ನಗರಗಳಿಗೆ ಶೇ. 25 ಮಾತ್ರ. ಆದರೆ ಈ ಹಣ ಸ್ಥಳೀಯ ಸಂಸ್ಥೆಗೆ ಸಲ್ಲುವುದೇ ಹೊರತು ಗುಜರಿ ವ್ಯಾಪಾರಿಗಲ್ಲ.

ಹೊಸದಾಗಿ ಮರುಬಳಕೆ ಘಟಕ ಹೂಡುವವರಿಗೆ ಒದಗಿದ್ದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. 2022ರಲ್ಲಿ ತಯಾರಿಕಾ ಘಟಕದ ವೆಚ್ಚಮಿತಿ 25 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿತು. ಸಾಮಾನ್ಯ ವರ್ಗದ ಸಹಾಯಧನ ಪಟ್ಟಣದಲ್ಲಿ ಶೇ. 15, ಗ್ರಾಮಾಂತರದಲ್ಲಿ ಶೇ. 25, ಅಂದರೆ ಪುರಸಭೆಯ ಗಡಿ ದಾಟಿದರೆ ಗರಿಷ್ಠ ಐದು ಲಕ್ಷದ ವ್ಯತ್ಯಾಸ. ಆಹಾರ ತುಂಬುವ ಮರುಬಳಕೆ ಪ್ಲಾಸ್ಟಿಕ್ ಡಬ್ಬಿ, ಚೀಲಗಳ ತಯಾರಿಕೆಗೆ ಮಾತ್ರ ಅವಕಾಶವಿರಲಿಲ್ಲ. ಸಹಾಯಧನವೂ ಕೈಗೆ ಬರುತ್ತಿರಲಿಲ್ಲ, ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತಿತ್ತು.