ಬಾಯಿ ಕ್ಯಾನ್ಸರ್ ಆದವರಿಗೆ ಹೊಸ ತಲೆನೋವು ಬಂದರೆ: ಬೆನ್ನಿನ ನೀರಿನ ಪರೀಕ್ಷೆಗೆ ಹೆದರಬೇಡಿ

ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾಯಿತು. ಆದರೂ ಇಚಲಕರಂಜಿಯ ಮಗ್ಗದ ಗಲ್ಲಿಗಳಲ್ಲಿ ಮಾವಾ, ತಂಬಾಕು ಜಗಿಯುವವರು ಕಡಿಮೆಯಾಗಿಲ್ಲ. ಬಟ್ಟೆ ತರಲು ಅಲ್ಲಿಗೆ ಹೋಗಿಬರುವ ನಮ್ಮ ಹುಡುಗರಿಗೂ, ಊರಲ್ಲಿ ಅಡಿಕೆ ಜಗಿಯುವ ಹಿರಿಯರಿಗೂ ಬಾಯಿ ಕ್ಯಾನ್ಸರ್ ಹೊಸ ಮಾತಲ್ಲ. ಆದರೆ ಅದು ಅಪರೂಪಕ್ಕೆ ಮೆದುಳಿನ ಪೊರೆಗೂ ಹೋಗುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ.

ಬಾಯಿ, ಗಂಟಲಿನ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಕುತ್ತಿಗೆಯ ಗ್ರಂಥಿಗಳಿಗೆ, ನಂತರ ಶ್ವಾಸಕೋಶಕ್ಕೆ ಹರಡುತ್ತದೆ. ಮೆದುಳಿನ ಸುತ್ತ ಮೂರು ಪೊರೆಗಳಿವೆ. ಒಳಗಿನ ಎರಡು ಪೊರೆಗಳ ನಡುವೆ ನೀರಿನಂಥ ದ್ರವ ಹರಿಯುತ್ತದೆ. ದೊಡ್ಡವರಲ್ಲಿ ಒಟ್ಟು ಸುಮಾರು 150 ಮಿ.ಲೀ. ಮುಖದ ನರಗಳ ಗುಂಟ ಅಥವಾ ರಕ್ತದ ಮೂಲಕ ಕ್ಯಾನ್ಸರ್ ಕಣ ಈ ನೀರಿಗೆ ಸೇರಿದರೆ ಬೆನ್ನುಹುರಿಯವರೆಗೂ ತೇಲಿ ಹೋಗುತ್ತದೆ. ಹಾಗಾಗಿ ತಲೆನೋವು, ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಮುಖ ಸೊಟ್ಟಗಾಗುವುದು, ಕಾಲಿನ ಬಲ ಕುಂದುವುದು ಹೀಗೆ ಬೇರೆ ಬೇರೆ ಕಡೆ ತೊಂದರೆ ಶುರುವಾಗಬಹುದು.

ಪತ್ತೆ ಹೇಗೆ? ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ತಪ್ಪಿಹೋಗಬಹುದು. ಕಾಂಟ್ರಾಸ್ಟ್ ಔಷಧ ಕೊಟ್ಟು ಮೆದುಳು ಮತ್ತು ಇಡೀ ಬೆನ್ನಿನ ಎಂ.ಆರ್.ಐ. ಮಾಡುತ್ತಾರೆ. ಆಮೇಲೆ ಸೊಂಟದ ಹತ್ತಿರ ಸೂಜಿ ಹಾಕಿ ನೀರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

"ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆ" ಅಂತ ಮನೆಯವರು ಒಪ್ಪದೇ ಇರುವುದುಂಟು. ಆದರೆ ಬೆನ್ನುಹುರಿ ಮೇಲೆಯೇ ಮುಗಿದಿರುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ತಲೆಯೊಳಗೆ ಒತ್ತಡ ಹೆಚ್ಚಿದೆಯೇ ಅಂತ ಮೊದಲೇ ನೋಡಿಕೊಳ್ಳುತ್ತಾರೆ. ಮೊದಲ ಸಲ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಕಣ ಸಿಗುತ್ತದೆ. ಆದ್ದರಿಂದ ಡಾಕ್ಟರು ಎರಡನೇ ಸಲ ಕೇಳಿದರೆ ಅದು ಬಿಲ್ ಏರಿಸುವ ಉಪಾಯ ಅಂದುಕೊಳ್ಳಬೇಡಿ. ಟಿ.ಬಿ. ಮೆದುಳು ಜ್ವರದಲ್ಲೂ ಈ ನೀರಿನ ಪ್ರೋಟೀನ್ ಏರಿ ಸಕ್ಕರೆ ಇಳಿಯುತ್ತದೆ. ಎರಡರ ಔಷಧ ಪೂರ್ತಿ ಬೇರೆ, ಹಾಗಾಗಿ ಅಂದಾಜಿನಲ್ಲಿ ನಡೆಯುವ ಕೆಲಸವಲ್ಲ ಇದು.

ನಿಜ ಹೇಳಬೇಕೆಂದರೆ, ಈ ಹಂತದಲ್ಲಿ ಪೂರ್ತಿ ವಾಸಿಯಾಗುವುದು ಕಷ್ಟ. ಆದರೂ ಬೇಗ ಗೊತ್ತಾದರೆ ರೇಡಿಯೇಶನ್, ಔಷಧಗಳಿಂದ ನೋವು ತಗ್ಗಿಸಬಹುದು, ನಡೆಯುವ ಶಕ್ತಿ ಇನ್ನಷ್ಟು ದಿನ ಉಳಿಸಬಹುದು. ಮುಂದೇನು ಅಂತ ರೋಗಿಯೂ ಮನೆಯವರೂ ಕೂತು ಯೋಚಿಸಲು ಸಮಯ ಸಿಗುತ್ತದೆ.

ವ್ಯಾಪಾರದಲ್ಲಿ ಹಳೆ ಬಾಕಿಯನ್ನು ಹೊಸ ಪುಸ್ತಕದ ಮೊದಲ ಸಾಲಿನಲ್ಲೇ ಬರೆಯುತ್ತೇವೆ. ಹಾಗೆಯೇ ತಲೆನೋವಿಗೆ ಯಾವ ಡಾಕ್ಟರ ಹತ್ತಿರ ಹೋದರೂ ಹಳೆ ಕ್ಯಾನ್ಸರ್ ಫೈಲ್ ಕೊಂಡುಹೋಗಿ, ಮೊದಲ ಮಾತಲ್ಲೇ ಅದನ್ನು ಹೇಳಿ. ವಾರಗಟ್ಟಲೆ ಬರೀ ತಲೆನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ.