ಮಿದುಳಿನ ಚಿತ್ರಕ್ಕೆ ಎಷ್ಟು ಸಾಕ್ಷ್ಯಬಲ?

ಪಾರ್ಕಿನ್ಸನ್ ಕಾಯಿಲೆಗೆ ಮದ್ದು ಹುಡುಕುವವರನ್ನು ಎರಡು ತೊಡಕುಗಳು ಬಹುಕಾಲ ಕಾಡಿವೆ. ಕೈ ನಡುಗಿ, ನಡಿಗೆ ನಿಧಾನವಾಗಿ ರೋಗ ಪತ್ತೆಯಾಗುವ ಹೊತ್ತಿಗೆ ಡೋಪಮೈನ್ ಸ್ರವಿಸುವ ನರತುದಿಗಳಲ್ಲಿ ದೊಡ್ಡ ಪಾಲು ನಶಿಸಿರುತ್ತದೆ. ಮದ್ದು ಆರಂಭಿಸಿದರೆ ನಡುಕ ತಗ್ಗಬಹುದು, ಆದರೆ ರೋಗವೇ ನಿಧಾನವಾಯಿತೋ ಅಥವಾ ಅದರ ಲಕ್ಷಣ ಮಾತ್ರ ಮರೆಯಾಯಿತೋ ಎಂಬುದು ರೋಗಿಯನ್ನು ಪರೀಕ್ಷಿಸಿದರೂ ತಿಳಿಯುವುದಿಲ್ಲ. ಸ್ಪೆಕ್ಟ್ ಚಿತ್ರಣದ ಮೇಲೆ ಸಂಶೋಧಕರು ಭರವಸೆ ಇಟ್ಟದ್ದು ಈ ಕಾರಣಕ್ಕೆ.

ಒಳಗಿನಿಂದ ಹೊಮ್ಮುವ ಬೆಳಕು

ಎಕ್ಸ್‌ರೇ ಕಿರಣ ದೇಹವನ್ನು ಹೊರಗಿನಿಂದ ಹಾಯುತ್ತದೆ. ಸ್ಪೆಕ್ಟ್‌ನಲ್ಲಿ ಕಿರಣ ಹೊಮ್ಮುವುದು ಒಳಗಿನಿಂದ. ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಔಷಧವನ್ನು ರಕ್ತನಾಳಕ್ಕೆ ಚುಚ್ಚಿದರೆ ಅದು ಗುರಿಯ ಅಂಗಾಂಶದಲ್ಲಿ ನೆಲೆಸುತ್ತದೆ. ಅಲ್ಲಿಂದ ಹೊರಡುವ ಗಾಮಾ ಕಿರಣಗಳನ್ನು ಸುತ್ತಲೂ ತಿರುಗುವ ಕ್ಯಾಮೆರಾ ಹಿಡಿಯುತ್ತದೆ, ಕಂಪ್ಯೂಟರ್ ಅವುಗಳಿಂದ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ದಿಕ್ಕು ಗುರುತಿಸಲು ಇಟ್ಟ ಸೀಸದ ಜಾಲರಿಯೇ ಬಹುಪಾಲು ಕಿರಣಗಳನ್ನು ತಡೆಯುವುದರಿಂದ ಚಿತ್ರ ಪೆಟ್ ಸ್ಕ್ಯಾನಿನಷ್ಟು ಸ್ಪಷ್ಟವಾಗಿರುವುದಿಲ್ಲ. ಆದರೆ ಇಲ್ಲಿ ಬಳಸುವ ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ 6 ಗಂಟೆ, ಅಯೋಡಿನ್-123ರದು ಸುಮಾರು 13 ಗಂಟೆ. ಪೆಟ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಫ್ಲೋರಿನ್-18ಕ್ಕೆ ಸಿಗುವುದು 110 ನಿಮಿಷ ಮಾತ್ರ. ವಿಕಿರಣಶೀಲ ವಸ್ತು ತಯಾರಿಸುವ ಸೈಕ್ಲೊಟ್ರಾನ್ ಯಂತ್ರ ಹತ್ತಿರವಿಲ್ಲದ ಊರಿನ ರೋಗಿಗಳೂ ಸಂಶೋಧನೆಯಲ್ಲಿ ಪಾಲ್ಗೊಳ್ಳುವಂತಾದದ್ದು ಈ ಬಿಡುವಿನಿಂದ.

ಪಾರ್ಕಿನ್ಸನ್ ಅಧ್ಯಯನದಲ್ಲಿ ಔಷಧ ಅಂಟಿಕೊಳ್ಳುವುದು ಡೋಪಮೈನ್ ಸಾಗಣೆಯ ಪ್ರೋಟೀನಿಗೆ. ಆರೋಗ್ಯವಂತ ಮಿದುಳಿನ ಚಿತ್ರದಲ್ಲಿ ಎರಡು ಅಲ್ಪವಿರಾಮಗಳಂಥ ಆಕೃತಿಗಳು ಹೊಳೆಯುತ್ತವೆ. ಕಾಯಿಲೆ ಬಲಿತಂತೆ ಅವುಗಳ ಬಾಲ ಮಾಸಿ, ಚುಕ್ಕೆಗಳಷ್ಟೇ ಉಳಿಯುತ್ತವೆ.

2004ರ ಒಗಟು

ಪಾರ್ಕಿನ್ಸನ್‌ನ ಮುಖ್ಯ ಮದ್ದಾದ ಲೆವೊಡೋಪಾ ನರಕೋಶಗಳಿಗೆ ಹಾನಿ ಮಾಡುತ್ತದೆಯೇ ಎಂಬ ಹಳೆಯ ಶಂಕೆಯನ್ನು ಬಗೆಹರಿಸಲು ಉತ್ತರ ಅಮೆರಿಕದಲ್ಲಿ 361 ರೋಗಿಗಳ ಅಧ್ಯಯನ ನಡೆಯಿತು. ಅವರಿಗೆ 40 ವಾರ ಮದ್ದು ಅಥವಾ ಹುಸಿಮಾತ್ರೆ ಕೊಟ್ಟು, ಬಳಿಕ 2 ವಾರ ನಿಲ್ಲಿಸಿ ಪರೀಕ್ಷಿಸಲಾಯಿತು. 2004ರಲ್ಲಿ ಪ್ರಕಟವಾದ ಫಲಿತಾಂಶ ತಜ್ಞರನ್ನು ಇಕ್ಕಟ್ಟಿಗೆ ಸಿಲುಕಿಸಿತು. ಮದ್ದು ಪಡೆದವರ ದೇಹಸ್ಥಿತಿ ಉತ್ತಮವಾಗಿತ್ತು, ಆದರೆ ಅವರ ಸ್ಪೆಕ್ಟ್ ಚಿತ್ರ ಹೆಚ್ಚು ಮಂಕಾಗಿತ್ತು. ಹುಸಿಮಾತ್ರೆಯವರಲ್ಲಿ ಇಳಿಕೆ ಶೇ 1.4, ಮದ್ದು ಪಡೆದವರಲ್ಲಿ ಅದಕ್ಕಿಂತ ಹೆಚ್ಚು.

ಚಿತ್ರವನ್ನು ನಂಬಿದರೆ ಮದ್ದು ಹಾನಿಕರ, ರೋಗಿಯನ್ನು ನಂಬಿದರೆ ಉಪಕಾರಿ. ಮದ್ದು ನರತುದಿಗಳನ್ನು ಕೊಲ್ಲದೆಯೇ ಡೋಪಮೈನ್ ಸಾಗಣೆಯ ಪ್ರೋಟೀನಿನ ಪ್ರಮಾಣವನ್ನು ತಗ್ಗಿಸಿರಬಹುದೆಂಬ ವಾದ ಬಂತು, ಅದನ್ನು ಒಪ್ಪದವರೂ ಇದ್ದರು. 2019ರಲ್ಲಿ ನೆದರ್‌ಲ್ಯಾಂಡ್ಸ್‌ನ 445 ರೋಗಿಗಳ ಅಧ್ಯಯನ, ಮದ್ದನ್ನು ಬೇಗ ಆರಂಭಿಸಿದರೂ ತಡವಾಗಿ ಆರಂಭಿಸಿದರೂ 80 ವಾರಗಳ ಬಳಿಕ ರೋಗಿಗಳ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸವಿಲ್ಲ ಎಂದು ತೋರಿಸಿತು. ಕೋಶನಾಶದ ಭಯಕ್ಕೂ ರಕ್ಷಣೆಯ ಆಸೆಗೂ ಅದರಲ್ಲಿ ಪುರಾವೆ ಸಿಗಲಿಲ್ಲ.

2004ರ ವರದಿಯ ಇನ್ನೊಂದು ಅಂಶಕ್ಕೆ ಸಲ್ಲಬೇಕಾದಷ್ಟು ಗಮನ ಸಾರ್ವಜನಿಕರಿಂದ ಸಂದಿಲ್ಲ. ಪಾರ್ಕಿನ್ಸನ್ ಎಂದು ತಜ್ಞರೇ ಗುರುತಿಸಿದ್ದ 19 ಮಂದಿಯ ಆರಂಭದ ಚಿತ್ರದಲ್ಲಿ ಡೋಪಮೈನ್ ಕೊರತೆಯೇ ಕಂಡಿರಲಿಲ್ಲ. ಇಂಥವರು ಸೇರಿಕೊಂಡರೆ ಒಳ್ಳೆಯ ಮದ್ದೂ ಸೋತಂತೆ ಕಾಣಬಹುದು.

ಆಯ್ಕೆಗೆ ಒಪ್ಪಿಗೆ

ಐರೋಪ್ಯ ನಿಯಂತ್ರಕರು 2018ರಲ್ಲಿ ಈ ಚಿತ್ರಣಕ್ಕೆ ಮನ್ನಣೆ ನೀಡಿದ್ದು ಆರಂಭಿಕ ಹಂತದ ಪಾರ್ಕಿನ್ಸನ್ ಅಧ್ಯಯನಗಳಿಗೆ ರೋಗಿಗಳನ್ನು ಆರಿಸುವುದಕ್ಕೆ. ಈ ಮಿತಿ ವಿವೇಕದ್ದು. ಯಾರನ್ನು ಸೇರಿಸಬೇಕೆಂಬುದಕ್ಕೆ ಚಿತ್ರ ಬಲವಾದ ಸಾಕ್ಷಿ. ಮದ್ದು ಗೆದ್ದಿತೇ ಎಂಬ ತೀರ್ಪನ್ನು ಅದೊಂದಕ್ಕೇ ಬಿಡುವಂತಿಲ್ಲ.

ಪೂರೈಕೆಯ ಆತಂಕ ಬೇರೆಯೇ ಇದೆ. ಟೆಕ್ನೀಷಿಯಂಗೆ ಬೇಕಾದ ಮಾಲಿಬ್ಡಿನಂ-99 ತಯಾರಾಗುವುದು ಕೆಲವೇ ರಿಯಾಕ್ಟರುಗಳಲ್ಲಿ, ಅದರ ಅರ್ಧಾಯುಷ್ಯ 66 ಗಂಟೆ, ದಾಸ್ತಾನು ಮಾಡಲಾಗದು. 2009ರಲ್ಲಿ ಕೆನಡಾದ ಹಳೆಯ ರಿಯಾಕ್ಟರೊಂದು ಕೆಟ್ಟು ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಾಗ ಹಲವು ದೇಶಗಳ ಸ್ಕ್ಯಾನುಗಳು ಮುಂದೂಡಲ್ಪಟ್ಟವು. ಟೆಕ್ನೀಷಿಯಂ ಬೆರೆಸಿದ ಟ್ರೊಡಾಟ್ ಔಷಧದಿಂದ ಭಾರತದಲ್ಲೂ ಈ ಮಿದುಳು ಚಿತ್ರಣ ನಡೆಯುತ್ತಿದೆ. ಅಂಥ ಕೊರತೆ ಮರುಕಳಿಸಿದರೆ ಇಲ್ಲಿನ ರೋಗಿಗಳೂ ಸಂಶೋಧಕರೂ ಕಾಯಬೇಕಾದೀತು.